ಪಟಿಂಗ್: ಮೊದಲು ಮುಖ, ಆಮೇಲೆ ವೇಗ

ಗಾಲ್ಫ್‌ನಲ್ಲಿ ಚೆಂಡನ್ನು ಉರುಳಿಸಿ ಕುಳಿಗೆ ಹಾಕುವ ಪಟಿಂಗ್‌ನ ಅಭ್ಯಾಸದಲ್ಲಿ ನಾನು ಮೊದಲು ಕೈಹಾಕುವುದು ಪಟರ್‌ನ (ಅದಕ್ಕೆ ಬಳಸುವ ಕೋಲಿನ) ಮುಖಕ್ಕೆ, ಅಂದರೆ ಚೆಂಡಿಗೆ ತಾಗುವ ಬದಿಗೆ. ಪಟರ್ ಸಾಗುವ ದಾರಿಯ ಮಾತು ಆಮೇಲೆ. ತಾಗುವ ಕ್ಷಣದಲ್ಲಿ ಮುಖ ಎತ್ತ ನೋಡುತ್ತಿದೆಯೋ ಚೆಂಡು ಬಹುಮಟ್ಟಿಗೆ ಅತ್ತಲೇ ಹೊರಡುತ್ತದೆ. ಕುಳಿಯ ವ್ಯಾಸ 108 ಮಿ.ಮೀ., ನಡುವಿನಿಂದ ಅಂಚಿಗೆ 54. ಚೆಂಡು ಒಂದೇ ಡಿಗ್ರಿ ತಪ್ಪಿ ಹೊರಟರೂ 3 ಮೀಟರ್ ಆಚೆ ಸುಮಾರು 52 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಮೆಲ್ಲಗೆ ಬಂದರೆ ಅಂಚಿನಿಂದ ಒಳಗೆ ಜಾರೀತು, ಜೋರಾಗಿ ಬಂದರೆ ಅಂಚು ಸವರಿ ಹೊರಗೆ ಹೋಗುತ್ತದೆ.

ಹಿಡಿತ ಬೆರಳುಗಳಲ್ಲಿದ್ದರೆ ಮಣಿಕಟ್ಟು ಆಡುತ್ತದೆ. ಹಾಗಾಗಿ ಗ್ರಿಪ್ಪನ್ನು (ಪಟರ್‌ನ ಹಿಡಿಯನ್ನು) ಅಂಗೈಯಲ್ಲಿ ಕೂರಿಸಿ, ಎರಡೂ ಹೆಬ್ಬೆರಳನ್ನು ಅದರ ಚಪ್ಪಟೆ ಮೇಲ್ಭಾಗದಲ್ಲಿ ನೇರವಾಗಿ ಇಡುತ್ತೇನೆ. ಬಿಗಿ ಕಡಿಮೆಯಿರಬೇಕು, ಅದಕ್ಕಿಂತ ಮುಖ್ಯ, ಮೊದಲಿನಿಂದ ಕೊನೆಯವರೆಗೆ ಅಷ್ಟೇ ಇರಬೇಕು. ಕಣ್ಣು ಎಲ್ಲಿದೆ ಎಂದು ನೋಡಲು ಮೂಗಿನ ಸೇತುವೆಯಿಂದ ಇನ್ನೊಂದು ಚೆಂಡು ಬೀಳಿಸಿ. ಅದು ಕೆಳಗಿನ ಚೆಂಡಿನ ಮೇಲೋ, ಒಂದೆರಡು ಅಂಗುಲ ನಿಮ್ಮ ಕಡೆಗೋ ಬಿದ್ದರೆ ಸರಿ. ಆಚೆ ಬಿದ್ದರೆ ನೀವು ಗೆರೆಯನ್ನೇ ತಪ್ಪಾಗಿ ಕಾಣುತ್ತಿದ್ದೀರಿ.

ಚೆಂಡು ಪಾದಗಳ ನಡುಮಧ್ಯಕ್ಕಿಂತ ಒಂದು ಚೆಂಡಿನಷ್ಟು ಮುಂದಿರಲಿ. ಸಾಮಾನ್ಯ ಪಟರ್‌ಗೆ 3ರಿಂದ 4 ಡಿಗ್ರಿ ಲಾಫ್ಟ್ (ಮುಖ ಮೇಲಕ್ಕೆ ವಾಲಿದ ಕೋನ) ಇರುತ್ತದೆ. ಚೆಂಡು ಹುಲ್ಲಿನಲ್ಲಿ ತುಸು ಹೂತಿರುವುದರಿಂದ ಅದನ್ನು ಮೇಲೆತ್ತಲು ಅಷ್ಟು ಬೇಕು. ಕೈ ತೀರಾ ಮುಂದೆ ಬಾಗಿದರೆ ಆ ಲಾಫ್ಟ್ ಸತ್ತು, ಚೆಂಡು ನೆಲಕ್ಕೆ ಒತ್ತಿ ಪುಟಿಯುತ್ತದೆ. ಆಗ ಉರುಳುವಿಕೆ ಒಂದೊಂದು ಸಲ ಒಂದೊಂದು ಥರ.

ನನ್ನ ಅಭ್ಯಾಸದ ಬಹುಪಾಲು ಎರಡು ಗೇಟುಗಳ ಸುತ್ತಲೇ. ಪಟರ್ ತಲೆಗಿಂತ ಒಂದು ಸೆಂ.ಮೀ. ಮಾತ್ರ ಅಗಲವಾಗಿ ಎರಡು ಟೀ (ಚೆಂಡು ಕೂರಿಸುವ ಚಿಕ್ಕ ಗೂಟ) ನೆಟ್ಟು, ನಡುವೆ ಚೆಂಡು ಇಡುತ್ತೇನೆ. ಅಲ್ಲಿಂದ 40 ಸೆಂ.ಮೀ. ಮುಂದೆ 55 ಮಿ.ಮೀ. ಅಂತರದಲ್ಲಿ ಇನ್ನೆರಡು. ಚೆಂಡಿನ ಅಗಲ ಸುಮಾರು 43 ಮಿ.ಮೀ., ಅಂದರೆ ಎರಡೂ ಬದಿಗೆ ಉಳಿಯುವುದು ಆರಾರು ಮಿ.ಮೀ. ಟೀ ತಾಗದೆ ದಾಟಿದರೆ ದಿಕ್ಕಿನ ತಪ್ಪು ಒಂದು ಡಿಗ್ರಿಯೊಳಗೇ ಇದೆ. ಪಟರ್ ಮೊದಲ ಗೇಟಿಗೆ ತಗುಲಿದರೆ ತಲೆ ಗೆರೆ ಬಿಟ್ಟು ಒಳಗೋ ಹೊರಗೋ ಹೋಗುತ್ತಿದೆ, ಹೊಡೆತವೂ ನಡುಭಾಗಕ್ಕೆ ಬೀಳುತ್ತಿಲ್ಲ. ಪಟರ್ ಸಲೀಸಾಗಿ ಹೋಗಿ, ಚೆಂಡು ಮಾತ್ರ ಮುಂದಿನ ಬಲ ಟೀಗೆ ತಗುಲಿದರೆ (ಬಲಗೈ ಆಟಗಾರರಿಗೆ) ಮುಖ ತೆರೆದಿದೆ (ಗುರಿಯ ಬಲಕ್ಕೆ ತಿರುಗಿದೆ), ಎಡ ಟೀಗಾದರೆ ಮುಚ್ಚಿದೆ (ಎಡಕ್ಕೆ ತಿರುಗಿದೆ). ಕುಳಿಗೆ ಗುರಿಯಿಟ್ಟು ನೂರು ಚೆಂಡು ಹೊಡೆದರೂ ಇಷ್ಟು ಸ್ಪಷ್ಟವಾಗಿ ತಪ್ಪು ಗೊತ್ತಾಗುವುದಿಲ್ಲ.

ಮುಖ ತೆರೆಯಲು ಸಾಮಾನ್ಯ ಕಾರಣ ಹಿಂದಕ್ಕೆ ತುಂಬ ದೂರ ಒಯ್ದು, ಚೆಂಡಿನ ಹತ್ತಿರ ಬಂದಾಗ ಬ್ರೇಕ್ ಹಾಕುವುದು. ತೀರಾ ಕಡಿಮೆ ಹಿಂದಕ್ಕೆ ಒಯ್ದರೆ ಕುಕ್ಕಿದಂತಾಗಿ ದೂರ ಕೈತಪ್ಪುತ್ತದೆ. ಎರಡಕ್ಕೂ ಲಯವೇ ಮದ್ದು. ಮೆಟ್ರೊನೋಮನ್ನು (ಒಂದೇ ಲಯದಲ್ಲಿ ಬಡಿಯುವ ಸಾಧನ) ನಿಮಿಷಕ್ಕೆ 75–80 ಬಡಿತಕ್ಕೆ ಇಟ್ಟು, ಒಂದು ಬಡಿತಕ್ಕೆ ಪಟರ್ ಹಿಂದಿನ ಕೊನೆ ಮುಟ್ಟುವಂತೆ, ಮುಂದಿನ ಬಡಿತಕ್ಕೆ ಮುಂದಿನ ಕೊನೆ ಮುಟ್ಟುವಂತೆ ಭುಜಗಳನ್ನು ತೂಗಿ. 3, 6, 9 ಮೀಟರ್ ಯಾವುದೇ ಇರಲಿ, ಬಡಿತ ಅದೇ. ಬದಲಾಗುವುದು ಹಿಂದಕ್ಕೆ ಒಯ್ಯುವ ಉದ್ದ ಮಾತ್ರ. ದೂರದ ಅಭ್ಯಾಸಕ್ಕೆ ಕುಳಿ ಬೇಡ, ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ) ಅಂಚಿನಲ್ಲಿ ಚೆಂಡು ನಿಲ್ಲಿಸಿ ನೋಡಿ. ಕುಳಿಗೆ ಹೊಡೆಯುವಾಗ, ತಪ್ಪಿದರೆ 30–40 ಸೆಂ.ಮೀ. ಆಚೆ ನಿಲ್ಲುವ ವೇಗ ನನಗೆ ಒಗ್ಗಿದ್ದು.

ಹತ್ತಿರದ ಪಟ್‌ಗಳಲ್ಲಿ ತಲೆ ಎತ್ತಬೇಡಿ, ಚೆಂಡು ಬಿದ್ದ ಸದ್ದು ಕೇಳಲಿ. ಬೇಗ ನೋಡಿದರೆ ಎದೆ ತಿರುಗಿ ಪಟರನ್ನೂ ಜೊತೆಗೆ ಎಳೆಯುತ್ತದೆ.

ಲಯ ಸರಿಯಿದ್ದೂ ಚೆಂಡು ಮತ್ತೆ ಮತ್ತೆ ಒಂದೇ ಟೀಗೆ ತಗುಲುತ್ತಿದ್ದರೆ ಪಟರನ್ನೇ ಪರೀಕ್ಷಿಸಿ. ಶಾಫ್ಟನ್ನು (ಉದ್ದ ಕೋಲನ್ನು) ಬೆರಳ ಮೇಲೆ ಅಡ್ಡವಾಗಿ ತೂಗಿಸಿ: ಮುಖ ಆಕಾಶ ನೋಡಿದರೆ ಅದು ಹೆಚ್ಚುಕಡಿಮೆ ನೇರ ಸ್ಟ್ರೋಕಿಗೆ ಹೊಂದುವಂಥದ್ದು. ಟೋ (ತಲೆಯ, ಆಟಗಾರನಿಂದ ದೂರದ ತುದಿ) ಕೆಳಗೆ ಜೋತುಬಿದ್ದರೆ ಕಮಾನಿನಂತೆ ಸಾಗುವ ಸ್ಟ್ರೋಕಿಗೆ.