ಲೂಪ್ ಕಲಿಸೋಕೆ ಚುಕ್ಕಿ ರಂಗೋಲಿ ಸಾಕು

ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದು, ಹೇಳಿಕೊಡಲು ಹೊರಟಿದ್ದೀರಾ? ಮೊದಲ ದಿನ ಕಂಪ್ಯೂಟರ್ ಆನ್ ಮಾಡಲೇಬೇಡಿ. ಹಾಳೆ, ಪೆನ್ಸಿಲ್ ಕೊಟ್ಟು ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ. ಒಬ್ಬರ ಕೈಯಲ್ಲಿ 7 ಚುಕ್ಕಿ, 4ರವರೆಗೆ ಸಂದು ಚುಕ್ಕಿಯ ರಂಗೋಲಿ ಇರಲಿ. ಅವರು ಹೇಳಬೇಕು, ಇನ್ನೊಬ್ಬರು ಹೇಳಿದ್ದನ್ನಷ್ಟೇ ಹಾಕಬೇಕು, ಮರುಪ್ರಶ್ನೆ ಇಲ್ಲ. "ಮಧ್ಯದಲ್ಲಿ ಚುಕ್ಕಿ ಇಡು" ಅಂದರೆ ಯಾವುದರ ಮಧ್ಯ? ಗಲಾಟೆ ಆಗುತ್ತೆ, ಆಗಲಿ ಬಿಡಿ. ಮನೆಯಲ್ಲಿ ಅಜ್ಜಿಗೆ "7ರಿಂದ 4 ಸಂದು" ಅಂದರೆ ಮುಗೀತು, ಉಳಿದದ್ದು ಅವರ ಕೈಗೇ ಗೊತ್ತು. ಕಂಪ್ಯೂಟರಿಗೆ ಆ ಕೈ ಇಲ್ಲ.

ಆಮೇಲೆ ಪ್ರತಿ ಸಾಲಿಗೆ ಎಷ್ಟು ಚುಕ್ಕಿ ಅಂತ ಬರೆಸಿ: 4, 5, 6, 7, 6, 5, 4. ಪಕ್ಕದಲ್ಲೇ ಎಡಗಡೆ ಎಷ್ಟು ಜಾಗ ಬಿಡಬೇಕು ಅಂತಲೂ: 3, 2, 1, 0, 1, 2, 3. ಈಗ ಸುಮ್ನಿರಿ. ಎರಡನ್ನೂ ಕೂಡಿಸಿದರೆ ಪ್ರತಿ ಸಲ 7 ಬರುತ್ತೆ ಅಂತ ಅವರೇ ಕಂಡುಕೊಳ್ಳಲಿ. ನೀವೇ ಹೇಳಿಬಿಟ್ಟರೆ ಮಜಾ ಹೋಯ್ತು.

ಮಾರನೇ ಕ್ಲಾಸಿಗೆ ಕಂಪ್ಯೂಟರ್. ಮೊದಲು ಲೂಪ್ ಬೇಡ, ತೆರೆಯ ಮೇಲೆ ಒಂದು ಸಾಲು ತೋರಿಸುವ ಪ್ರಿಂಟ್ ಆದೇಶವನ್ನು ಸಾಲಿಗೊಂದರಂತೆ ಏಳು ಸಲ ಟೈಪ್ ಮಾಡಿಸಿ. "ಈಗ 15 ಚುಕ್ಕಿಯದು ಹಾಕಿ" ಅನ್ನಿ. ಮುಖ ಸಿಂಡರಿಸುತ್ತಾರಲ್ಲ, ಫಾರ್ ಲೂಪ್ ಹೇಳಿಕೊಡೋಕೆ ಅದೇ ಹೊತ್ತು. (ಪೈಥಾನ್ 3ರಲ್ಲಿ ಸಂಖ್ಯೆ ಇಟ್ಟುಕೊಳ್ಳುವ ವೇರಿಯಬಲ್ಲಿಗೆ "ಚುಕ್ಕಿ" ಅಂತ ಕನ್ನಡದಲ್ಲೇ ಹೆಸರಿಡಬಹುದು. ಆದರೆ ಫಾರ್, ಪ್ರಿಂಟ್ ಎಲ್ಲ ಇಂಗ್ಲಿಷಿನಲ್ಲೇ ಇರಬೇಕು, ಕೀಬೋರ್ಡ್ ಬದಲಾಯಿಸಿ ಬದಲಾಯಿಸಿ ಸಾಕಾಗುತ್ತೆ.)

ಜಾಸ್ತಿ ಹೊತ್ತು ಬೇಕಾಗೋದು ಇಲ್ಲಿ. ಲೂಪ್ ಎಲ್ಲಿಂದ ಎಲ್ಲಿಗೆ ಎಣಿಸಬೇಕು ಅಂತ ಹೇಳೋದು ರೇಂಜ್. 4ರಿಂದ 7 ತಾನೇ ಅಂತ ಮಕ್ಕಳು ರೇಂಜ್(4, 7) ಬರೆಯುತ್ತಾರೆ, 7ರ ಸಾಲೇ ಬರೋದಿಲ್ಲ. ಕೀಬೋರ್ಡಿಗೆ ಕೈ ಹಾಕಬೇಡಿ. ನನ್ನ ಕೈ ತಾನಾಗಿ ಹೋಗುತ್ತೆ, ಅದಕ್ಕೆ ಕ್ಲಾಸಿನಲ್ಲಿ ಕೈಕಟ್ಟಿ ನಿಲ್ಲುವ ಅಭ್ಯಾಸ ಮಾಡಿಕೊಂಡಿದ್ದೇನೆ. ಲೂಪ್ ಒಂದೊಂದು ಸುತ್ತು ತಿರುಗಿದಾಗ ಚುಕ್ಕಿ ಎಷ್ಟು, ಜಾಗ ಎಷ್ಟು ಅಂತ ಹಾಳೆಯಲ್ಲಿ ಬರೆಸಿ. 4, 5, 6, ಅಲ್ಲಿಗೆ ನಿಂತಿತು. ರೇಂಜ್ ಎರಡನೇ ಸಂಖ್ಯೆಯನ್ನು ಮುಟ್ಟೋದಿಲ್ಲ ಅಂತ ಆಗ ಅರ್ಥವಾಗುತ್ತೆ, 8 ಬರೆಯುತ್ತಾರೆ. ಇಳಿಯುವ ಅರ್ಧಕ್ಕೆ ರೇಂಜ್(6, 3, -1) ಕೊಟ್ಟು (-1 ಅಂದರೆ ಒಂದೊಂದೇ ಇಳಿಯೋದು), ರನ್ ಮಾಡುವ ಮೊದಲೇ ಏನು ಬರುತ್ತೆ ಅಂತ ಬರೆಯಲು ಹೇಳಿ. ಇದೊಂದು ನಿಯಮ ಬಿಡಬೇಡಿ: ಮೊದಲು ಊಹೆ, ಆಮೇಲೆ ರನ್.

ಕೊನೆಗೆ 7ರ ಬದಲು, ಟೈಪ್ ಮಾಡಿದ್ದನ್ನು ತೆಗೆದುಕೊಳ್ಳುವ ಇನ್‌ಪುಟ್. ಅದು ಕೊಡೋದು ಅಕ್ಷರ, ಸಂಖ್ಯೆ ಅಲ್ಲ. ಅದನ್ನು ಸಂಖ್ಯೆ ಮಾಡುವ ಇಂಟ್ ಹಾಕದಿದ್ದರೆ ಕಳೆಯುವಾಗ ಎರರ್ ಬರುತ್ತೆ. ಮೊದಲ ಸಾಲಿನ ಚುಕ್ಕಿ 7ಕ್ಕೆ 4, 9ಕ್ಕೆ 5, 15ಕ್ಕೆ 8 ಹೇಗೆ ಬಂತು ಅಂತ ಮಕ್ಕಳೇ ಹುಡುಕಲಿ. ಒಂದು ಸೇರಿಸಿ ಅರ್ಧ ಮಾಡೋದು, ಅಷ್ಟೇ. ಭಾಗಿಸಲು ಒಂದೇ ಓರೆಗೆರೆ ಹಾಕಿದರೆ 4.0 ಬಂದು ರೇಂಜ್ ಮುನಿಸಿಕೊಳ್ಳುತ್ತೆ, ಎರಡು ಹಾಕಿಸಿ.

ಚುಕ್ಕಿ ಆಯ್ತು, ಗೆರೆ ಎಳೆಯೋದು ಹೇಗೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಪೈಥಾನ್ ಜೊತೆಗೇ ಬರುವ, ಚಿತ್ರ ಬಿಡಿಸುವ ಟರ್ಟಲ್ ಇದೆ. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.