ಅಜ್ಜಿಗೆ ಮೂರು ಹುಟ್ಟಿದ ದಿನ

ನಮ್ಮ ಅತ್ತೆಯ ಅಜ್ಜಿಗೆ ಮೂರು ಹುಟ್ಟಿದ ದಿನಗಳಿದ್ದವು. ಮನೆಯವರ ಹುಟ್ಟು ಸಾವು ಬರೆದಿಡುತ್ತಿದ್ದ ಮನೆಯ ಬೈಬಲ್‌ನಲ್ಲಿ 1896ರ ಮಾರ್ಚ್ 14. ಕೆನಡಾಕ್ಕೆ ಬಂದಾಗಿನ ನೋಂದಣಿ ಕಾರ್ಡಿನಲ್ಲಿ ಮಾರ್ಚ್ 26. ಸಮಾಧಿ ಕಲ್ಲಿನ ಮೇಲೆ ಮಾರ್ಚ್ 27. ಯಾವುದು ಸರಿ ಅಂತ ಹುಡುಕಲು ಹೊರಟವಳು ಎಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ.

ನಾನು ರಾಯಚೂರಿನವಳು. ಮದುವೆಯಾಗಿ ವಿನ್ನಿಪೆಗ್‌ಗೆ ಬಂದೆ. ಗಂಡನ ಮನೆಯವರು ಮೆನೊನೈಟರು, ಅಂದರೆ ಆಯುಧ ಹಿಡಿಯಬಾರದು ಎಂದು ನಂಬುವ ಒಂದು ಕ್ರೈಸ್ತ ಪಂಗಡದವರು. ನಮ್ಮ ಪಕ್ಕದ ಮೆಹಬೂಬ್‌ನಗರದ ಕಡೆ ಮೆನೊನೈಟ್ ಬ್ರೆದರನ್ ಚರ್ಚ್‌ಗಳಿವೆ, ಹಾಗಾಗಿ ಹೆಸರು ಕೇಳಿದ್ದೆ. ಆದರೆ ಈ ಜನ ಎಷ್ಟು ದೇಶ ದಾಟಿದ್ದಾರೆ ಅನ್ನೋದು ಗೊತ್ತಿರಲಿಲ್ಲ. 16ನೇ ಶತಮಾನದಲ್ಲಿ ನೆದರ್ಲೆಂಡ್ಸ್ ಕಡೆಯಿಂದ ಹೊರಟು ಈಗಿನ ಪೋಲೆಂಡ್‌ನ ವಿಸ್ಟುಲಾ ನದಿ ಸಮುದ್ರ ಸೇರುವ ಜಾಗಕ್ಕೆ ಹೋದರು. 1789ರಲ್ಲಿ ಈಗಿನ ಯುಕ್ರೇನ್‌ನ ಖೋರ್ಟಿಟ್ಸಾಕ್ಕೆ, 1804ರಲ್ಲಿ ಅಲ್ಲೇ ಮೊಲೋಚ್ನಾಕ್ಕೆ. ಆಗ ಅದು ರಷ್ಯಾದ ಆಳ್ವಿಕೆಯಲ್ಲಿತ್ತು. ಗಂಡಸರು ಸೇನೆಗೆ ಸೇರಲೇಬೇಕು ಎಂಬ ಕಾನೂನು ಬಂದಾಗ, 1870ರ ದಶಕದಲ್ಲಿ, ಒಂದು ಪಾಲು ಜನ ಕೆನಡಾ, ಅಮೆರಿಕಕ್ಕೆ ಬಂದರು. ಕ್ರಾಂತಿ, ಬರಗಾಲ ಕಂಡ ಮೇಲೆ 1923ರಿಂದ 1930ರೊಳಗೆ ಇನ್ನೂ ಸುಮಾರು 20,000 ಜನ ಕೆನಡಾ ಸೇರಿದರು. ಅತ್ತೆಯ ಅಜ್ಜಿ 1924ರಲ್ಲಿ ಬಂದವರು.

ಅವರ ಕಾಗದವೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ, ಬೇಸ್‌ಮೆಂಟ್‌ನಲ್ಲಿತ್ತು. ನಾನು ಮಾಡಿದ ಮೊದಲ ಕೆಲಸ ಅದನ್ನು ಮೇಲಕ್ಕೆ ತಂದಿದ್ದು. ರೆಡ್ ನದಿ 1950ರಲ್ಲೂ 1997ರಲ್ಲೂ ಉಕ್ಕಿ ಹರಿದ ಊರುಗಳು ಇವು. ನೀರು ಬರದಿದ್ದರೂ ತೇವ ಸಾಕು, ಕಾಗದಕ್ಕೆ ಬೂಷ್ಟು ಹಿಡಿಯುತ್ತೆ. ಮಲಗುವ ಕೋಣೆಯ ಕಪಾಟು, ಹೊರಗಿನ ಗೋಡೆಗೆ ತಾಗದ ಹಾಗೆ: ಅಷ್ಟೇ ಸಾಕು. ದುಬಾರಿ ಸಾಮಾನೇನೂ ಬೇಕಿಲ್ಲ. ಆಮ್ಲವಿಲ್ಲದ ಕಾಗದದ ಫೋಲ್ಡರ್ ಮತ್ತು ಪೆನ್ಸಿಲ್ ಮಾತ್ರ ಬೇಕೇ ಬೇಕು. ಲ್ಯಾಮಿನೇಷನ್ ಮಾತ್ರ ಯಾರೂ ಮಾಡಿಸಬೇಡಿ. ಒಮ್ಮೆ ಮಾಡಿಸಿದರೆ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ.

ಫೋಟೊಗಳು ಅಂಟು ಹಾಳೆಯ ಆಲ್ಬಮ್‌ನಲ್ಲಿ ಕಚ್ಚಿಕೊಂಡಿದ್ದವು. ಉಗುರಿನಿಂದ ಎಬ್ಬಿಸಿದರೆ ಹರಿಯುತ್ತವೆ. ಹಲ್ಲಿನ ಸಂದು ಶುಚಿ ಮಾಡುವ, ಮೇಣವಿಲ್ಲದ ದಾರವನ್ನು ಫೋಟೊದ ಕೆಳಗೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಆ ಕಡೆ ಈ ಕಡೆ ಎಳೆದೆ. ಒಂದು ಫೋಟೊಗೆ ಹತ್ತು ನಿಮಿಷ. ಹಿಂಬದಿಯಲ್ಲಿ ಹೆಸರು ಬರೆಯಲು ಪೆನ್ ಬೇಡ, ಮೆತ್ತನೆಯ ಪೆನ್ಸಿಲ್ ಹಿಡಿಯಿರಿ. ಅಂಚಿನಲ್ಲಿ, ಒತ್ತದೆ ಬರೆಯಬೇಕು.

ಕಷ್ಟವಾಗಿದ್ದು ಓದುವುದು. ಅತ್ತೆ ಮನೆಯಲ್ಲಿ ಪ್ಲೌಟ್‌ಡೀಚ್ ಎಂಬ ಜರ್ಮನ್ ಆಡುಮಾತು ಮಾತಾಡಿ ಬೆಳೆದವರು. ಆದರೆ ಈ ಜನ ಮಾತಾಡಿದ್ದು ಒಂದು ಭಾಷೆ, ಚರ್ಚ್‌ನಲ್ಲಿ ಬರೆದದ್ದು ಪುಸ್ತಕದ ಜರ್ಮನ್. ಅದೂ ಕುರ್ರೆಂಟ್ ಎಂಬ ಹಳೆಯ ಕೈಬರಹದಲ್ಲಿ. ಆ ಬರಹ ಅತ್ತೆಗೂ ಬರಲ್ಲ. ಅವರು ಬೈಬಲ್ ಹಾಳೆಯ ಮೇಲೆ ಬೆರಳಾಡಿಸುತ್ತ, "ನಮ್ಮಜ್ಜಿ ಬರೆದದ್ದು, ನನಗೇ ಓದಲಾಗ್ತಿಲ್ಲ" ಎಂದಾಗ ನನಗೆ ನಮ್ಮ ತಾತನ ಜಮೀನಿನ ಕಾಗದ ನೆನಪಾಯಿತು. ನಿಜಾಮರ ಕಾಲದ್ದು, ಉರ್ದುವಿನಲ್ಲಿದೆ. ಮನೆಯಲ್ಲಿ ಈಗ ಒಬ್ಬರಿಗೂ ಓದಲು ಬರಲ್ಲ. ಕರುಳು ಚುರುಕ್ ಎಂದಿತು.

ಹಾಗಾಗಿ ಕಲಿತೆ. ಗೊತ್ತಿರುವ ಹೆಸರುಗಳಿಂದ ಶುರು ಮಾಡಿದೆ. ಆ ಕೈಬರಹದಲ್ಲಿ 'ಇ' (e) ಅಕ್ಷರ 'ಎನ್' (n) ಥರ ಕಾಣುತ್ತೆ. 'ಯು' (u) ಮೇಲೆ ಪುಟ್ಟ ಬಟ್ಟಲಿನಂಥ ಗೆರೆ ಇರುತ್ತೆ, ಅದಿಲ್ಲದಿದ್ದರೆ 'ಯು' ಮತ್ತು 'ಎನ್' ಬೇರೆ ಮಾಡುವುದೇ ಕಷ್ಟ. ಫ್ರೀಸನ್, ಪೆನ್ನರ್, ಕ್ಲಾಸನ್ ಎಂಬ ಮನೆತನದ ಹೆಸರುಗಳನ್ನು ನೂರು ಸಲ ನೋಡಿ ಅಕ್ಷರಗಳನ್ನು ಗುರುತು ಹಿಡಿದೆ. ಮಾಸಿದ ಶಾಯಿಗೆ ಕಿಟಕಿಯ ಅಡ್ಡ ಬೆಳಕು ಒಳ್ಳೆಯದು. ಫ್ಲ್ಯಾಶ್ ಬೇಡ.

ಮನೆಯ ಬೈಬಲ್ ಆದ ಮೇಲೆ ಸಭಾ ಪುಸ್ತಕ, ಅಂದರೆ ಚರ್ಚ್‌ನವರು ತಮ್ಮ ಸಂಸಾರಗಳ ವಿವರ ಬರೆದಿಟ್ಟ ಪುಸ್ತಕ. ಮೆನೊನೈಟರು ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬೆಳೆದು ದೊಡ್ಡವರಾಗಿ, ತಾವೇ ನಂಬಿಕೆ ಒಪ್ಪಿಕೊಂಡಾಗ ಕೊಡುತ್ತಾರೆ. ಆದ್ದರಿಂದ ದೀಕ್ಷಾಸ್ನಾನದ ವರ್ಷ ನೋಡಿ ಹುಟ್ಟಿದ ವರ್ಷ ಹೇಳಲಾಗದು. ಅದರ ಬದಲು ಸಭಾ ಪುಸ್ತಕದಲ್ಲಿ ಒಂದೊಂದು ಸಂಸಾರಕ್ಕೂ ಜಾಗ. ಗಂಡ, ಹೆಂಡತಿ, ಹುಟ್ಟಿದ ಕ್ರಮದಲ್ಲಿ ಮಕ್ಕಳು. ಹುಟ್ಟು, ದೀಕ್ಷೆ, ಮದುವೆ, ಸಾವು. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿ ಇತ್ತು. ನಾನು ಮೊದಲು ಇಬ್ಬರು ಪೀಟರ್‌ಗಳನ್ನು ಒಬ್ಬನೇ ಅಂದುಕೊಂಡು ಬರೆದಿದ್ದೆ. ಒಬ್ಬ ಬದುಕಿದ್ದು ಏಳು ವಾರ. ಅವನ ಸಾಲನ್ನು ಅಳಿಸಿಬಿಟ್ಟಿದ್ದೆನಲ್ಲ ಅಂತ ಇವತ್ತಿಗೂ ಬೇಸರವಿದೆ. ಊರಿನ ಹೆಸರೂ ಹೀಗೇ. ರೋಸೆನೋರ್ಟ್ ಮೊಲೋಚ್ನಾದಲ್ಲೂ ಇತ್ತು, ಕೆನಡಾದ ಮ್ಯಾನಿಟೋಬಾದಲ್ಲೂ ಇದೆ. ಹೋದಲ್ಲೆಲ್ಲ ಊರಿನ ಹೆಸರನ್ನೂ ಕಟ್ಟಿಕೊಂಡು ಹೋದವರು.

ಇನ್ನು ನೋಂದಣಿ ಕಾರ್ಡು. 1920ರ ದಶಕದಲ್ಲಿ ಬಂದವರಿಗೆ ಕೆನಡಿಯನ್ ಪೆಸಿಫಿಕ್ ರೈಲ್ವೆ ಪ್ರಯಾಣಕ್ಕೆ ಸಾಲ ಕೊಟ್ಟಿತ್ತು. ಆ ಲೆಕ್ಕವೆಲ್ಲ ತೀರಿದ್ದು 1946ರಲ್ಲಿ. ಬಂದವರ ವಿವರವನ್ನು ರೋಸ್ಥರ್ನ್ ಊರಿನಲ್ಲಿದ್ದ ಮೆನೊನೈಟ್ ವಲಸೆ ಮಂಡಳಿ ಕಾರ್ಡುಗಳಲ್ಲಿ ಬರೆದಿಟ್ಟಿತು. ಆ ಕಾರ್ಡುಗಳು ಈಗ ವಿನ್ನಿಪೆಗ್‌ನ ಮೆನೊನೈಟ್ ಹೆರಿಟೇಜ್ ಆರ್ಕೈವ್ಸ್‌ನಲ್ಲಿವೆ. ಅಲ್ಲಿ ಮಾರ್ಚ್ 26 ನೋಡಿದ ದಿನ ನಾನು ಖುಷಿಯಿಂದ ಮನೆಗೆ ಬಂದು, ನಮ್ಮ ಕಡತದಲ್ಲಿ ಬೈಬಲ್‌ನ 14 ಹೊಡೆದು 26 ಮಾಡಿದೆ. ಅದನ್ನೇ ನೆಂಟರಿಗೆಲ್ಲ ಕಳಿಸಿದೆ.

ಅದು ತಪ್ಪು. ರಷ್ಯಾದಲ್ಲಿ 1918ರವರೆಗೆ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು. 19ನೇ ಶತಮಾನದಲ್ಲಿ ಅದಕ್ಕೂ ನಮ್ಮ ಈಗಿನ ಕ್ಯಾಲೆಂಡರಿಗೂ 12 ದಿನದ ಅಂತರ. 14ಕ್ಕೆ 12 ಕೂಡಿಸಿ, 26. ಬೈಬಲ್ ಸರಿಯಾಗೇ ಇತ್ತು, ಕಾರ್ಡೂ ಸರಿಯಾಗೇ ಇತ್ತು! ಹಾಗಾದರೆ 27 ಎಲ್ಲಿಂದ ಬಂತು? 1900ರ ಮಾರ್ಚ್‌ನಿಂದ ಅಂತರ 13 ದಿನ ಆಯಿತು. ಕೆನಡಾಕ್ಕೆ ಬಂದವರ ತಲೆಯಲ್ಲಿ ಇದ್ದದ್ದು ಈ 13. ಮನೆಯವರು ಯಾರೋ 1896ರ ತಾರೀಖಿಗೂ 13 ಕೂಡಿಸಿರಬೇಕು. ಅಜ್ಜಿ ಬದುಕಿರುವಷ್ಟು ಕಾಲ ಮಾರ್ಚ್ 27ಕ್ಕೇ ಕೇಕ್ ಕತ್ತರಿಸಿದರು. ಕಲ್ಲಿನ ಮೇಲೂ ಅದೇ ಬಂತು.

ಅವತ್ತಿಂದ ನಾನು ಏನನ್ನೂ ತಿದ್ದುವುದಿಲ್ಲ. ಮೂರೂ ತಾರೀಖು ಬರೆಯುತ್ತೇನೆ, ಪಕ್ಕದಲ್ಲಿ ಎಲ್ಲಿ ಸಿಕ್ಕಿತು ಅಂತ ಬರೆಯುತ್ತೇನೆ. ಲೆಕ್ಕ ಹಾಕಿದ್ದು ನಾನಾದರೆ ಅದನ್ನೂ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಮೆನೊನೈಟ್ ಇತಿಹಾಸ ಸಂಘದವರು 'ಗ್ರ್ಯಾಂಡ್‌ಮಾ' ಎಂಬ ವಂಶಾವಳಿ ಇಟ್ಟಿದ್ದಾರೆ. 10 ಲಕ್ಷಕ್ಕೂ ಹೆಚ್ಚು ಜನರ ವಿವರ ಅದರಲ್ಲಿದೆ, ಒಬ್ಬೊಬ್ಬರಿಗೂ ಒಂದು ನಂಬರ್. ಒಂದೇ ಹೆಸರಿನ ಇಷ್ಟು ಜನರ ನಡುವೆ ಆ ನಂಬರ್ ಎಷ್ಟು ಉಪಕಾರ ಅಂತ ಕೆಲಸ ಮಾಡಿದವರಿಗೇ ಗೊತ್ತು. ನಮ್ಮ ಕಡತದಲ್ಲೂ ಅದೇ ನಂಬರ್ ಹಾಕಿದ್ದೇನೆ. ಬದುಕಿರುವವರ ವಿವರ ಮಾತ್ರ ಅವರನ್ನು ಕೇಳದೆ ಎಲ್ಲಿಗೂ ಕಳಿಸಲ್ಲ. ಸ್ಕ್ಯಾನ್ ಮಾಡಿದ ಪ್ರತಿಗಳು ಮೂರು ಮನೆಯಲ್ಲಿವೆ, ಒಂದು ಪ್ರತಿ ಆರ್ಕೈವ್ಸ್‌ನಲ್ಲಿದೆ.

ಹೋದ ಚಳಿಗಾಲದಲ್ಲಿ ಅತ್ತೆ ಕೇಳಿದರು, "ನಿಮ್ಮಮ್ಮನ ಹುಟ್ಟಿದ ದಿನ ಯಾವತ್ತು?" ಜೂನ್ 1 ಎಂದೆ. ಎಂದವಳು ಸುಮ್ನಾದೆ. ಅದು ಶಾಲೆಗೆ ಸೇರಿಸುವಾಗ ಮಾಸ್ತರರು ಹಾಕಿದ ತಾರೀಖು. ಅಮ್ಮನಿಗೆ ಫೋನ್ ಮಾಡಿದೆ. "ನಾಗರ ಪಂಚಮಿ ಮರುದಿನ ಅಂತ ನಮ್ಮವ್ವ ಹೇಳ್ತಿದ್ಳವ್ವ" ಅಂದಳು. ಹೊಸ ಹಾಳೆ ತೆಗೆದು ಪೆನ್ಸಿಲ್‌ನಲ್ಲಿ ಎರಡು ಸಾಲು ಬರೆದೆ. ಜೂನ್ 1, ಶಾಲೆಯ ದಾಖಲೆ. ನಾಗರ ಪಂಚಮಿಯ ಮರುದಿನ, ಅಜ್ಜಿ ಹೇಳಿದ್ದು.