ಮೆನು ಬರುತ್ತದೆ, ಪುಟ ತೆರೆಯುವುದಿಲ್ಲ: ಆ್ಯಪ್‌ನಲ್ಲಿ ತಪ್ಪು ಹುಡುಕುವುದು ಹೇಗೆ?

"ಒತ್ತಿ ಹಿಡಿದ್ರ ಪಟ್ಟಿ ಬರ್ತೈತ್ರಿ. ಬಿಲ್ ಅಂತ ಒತ್ತಿದ್ರ ಮುಂದ ಹೋಗವಲ್ದು."

ಇಳಕಲ್ಲಿನ ಸೀರೆ ಅಂಗಡಿಯವರಿಗೆ ನೀವೊಂದು ಆ್ಯಪ್ ಮಾಡಿಕೊಟ್ಟಿದ್ದರೆ ಇಂಥ ಫೋನ್ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕೋಡ್‌ನಲ್ಲಿ ಕೆಂಪು ಗೆರೆ ಇಲ್ಲ, ಆ್ಯಪ್ ಕ್ರ್ಯಾಶ್ ಆಗುವುದೂ ಇಲ್ಲ, ಸುಮ್ನೆ ಏನೂ ಆಗುವುದಿಲ್ಲ. ಕ್ರ್ಯಾಶ್ ಆದರೆ ಕನಿಷ್ಠ ಯಾವ ಸಾಲಿನಲ್ಲಿ ಅಂತಾದರೂ ಗೊತ್ತಾಗುತ್ತದೆ, ಇದು ಹಾಗಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ವಿಟಿಯು ಕೊನೆಯ ವರ್ಷದ ಪ್ರಾಜೆಕ್ಟ್ ಅಂತ ಇಂಥ ಆ್ಯಪ್ ಮಾಡುವವರು ಬಹಳ. ಅವರಿಗೂ, ಊರಿನ ಅಂಗಡಿಗಳಿಗೆ ಚಿಕ್ಕಪುಟ್ಟ ಆ್ಯಪ್ ಬರೆದುಕೊಡುವವರಿಗೂ ಈ ಲೇಖನ.

ಉದಾಹರಣೆಗೆ ಒಂದೇ ಆ್ಯಪ್ ಹಿಡಿದುಕೊಳ್ಳೋಣ. ಸೀರೆಗಳ ಪಟ್ಟಿ ಇದೆ. ಒಂದು ಸಾಲನ್ನು ಒತ್ತಿ ಹಿಡಿದರೆ ಮೆನು ಬರುತ್ತದೆ: "ಬಿಲ್ ಮಾಡಿ", "ಬೆಲೆ ಬದಲಿಸಿ", "ಅಳಿಸಿ". ಮೊದಲ ಎರಡು ಬೇರೆ ಪುಟಕ್ಕೆ ಹೋಗಬೇಕು, ಮೂರನೆಯದು "ಖಂಡಿತಾನಾ?" ಅಂತ ಕೇಳಬೇಕು.

ಮೊದಲು ಇದು ತಲೆಯಲ್ಲಿರಲಿ

ಹಳೇ ರೀತಿಯಲ್ಲಿ ನಾವು ಪರದೆಗೆ ಅಪ್ಪಣೆ ಕೊಡುತ್ತಿದ್ದೆವು, ಈ ಪುಟ ತೆರೆ, ಆ ಬಟನ್ ಮುಚ್ಚು ಅಂತ. ಈಗಿನ ಡಿಕ್ಲರೇಟಿವ್ ರೀತಿಯಲ್ಲಿ ಹಾಗಿಲ್ಲ. ಆ್ಯಪಲ್ 2019ರಲ್ಲಿ ತಂದ ಸ್ವಿಫ್ಟ್‌ಯುಐ ಇರಲಿ, 2021ರ ಜುಲೈನಲ್ಲಿ 1.0 ಆಗಿ ಬಂದ ಆಂಡ್ರಾಯ್ಡ್‌ನ ಜೆಟ್‌ಪ್ಯಾಕ್ ಕಂಪೋಸ್ ಇರಲಿ, ಅದಕ್ಕೂ ಮೊದಲಿನ ಫ್ಲಟರ್ ಇರಲಿ, ಎಲ್ಲದರಲ್ಲೂ ನೀವು ಬರೆಯುವುದು "ಸ್ಟೇಟ್ ಹೀಗಿದ್ದರೆ ಪರದೆ ಹೀಗಿರಲಿ" ಎಂದಷ್ಟೇ. ಸ್ಟೇಟ್ ಅಂದರೆ ಆ್ಯಪ್ ಈ ಕ್ಷಣಕ್ಕೆ ನೆನಪಿಟ್ಟುಕೊಂಡಿರುವ ಮಾಹಿತಿ. ಮುಂದಿನದನ್ನು ಫ್ರೇಮ್‌ವರ್ಕ್, ಅಂದರೆ ಈ ಸಲಕರಣೆ, ನೋಡಿಕೊಳ್ಳುತ್ತದೆ.

ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ; ಎರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿದರೇ ಅದು ಸೀರೆ. ಇಲ್ಲೂ ಮೆನು ಒಂದು ತುಂಡು, ಪುಟಗಳ ದಾರಿ ಇನ್ನೊಂದು ತುಂಡು. ನಡುವಿನ ಕೊಂಡಿ ಸ್ಟೇಟ್. ಮೆನು ನಿಮ್ಮನ್ನು ಎಲ್ಲಿಗೂ ಕರೆದುಕೊಂಡು ಹೋಗಬಾರದು, ಸ್ಟೇಟ್ ಬದಲಿಸಿ ಸುಮ್ಮನಾಗಬೇಕು. ನಾನು ನೋಡಿದ ಮಟ್ಟಿಗೆ ಈ ಜಾತಿಯ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಪುಟಕ್ಕೆ ಹೋಗುವ ಕೆಲಸವನ್ನು ಮೆನುವಿನ ಒಳಗೇ ತುರುಕಿದಾಗ.

ಎಲ್ಲಿ ತುಂಡಾಗಿದೆ ನೋಡಿ

ಕೋಡ್ ತಿದ್ದುವ ಮೊದಲು ನಾಲ್ಕು ಕಡೆ ಒಂದೊಂದು ಪ್ರಿಂಟ್ ಹಾಕಿ, ಕೋಡ್ ಅಲ್ಲಿಗೆ ಬಂದರೆ ಕನ್ಸೋಲ್‌ನಲ್ಲಿ (ಸಂದೇಶಗಳ ಕಿಟಕಿ) ಒಂದು ಸಾಲು ಕಾಣಲಿ. ಒತ್ತಿ ಹಿಡಿದದ್ದು ಗೊತ್ತಾಯಿತಾ? ಮೆನುವಿನ ಬಟನ್‌ನ ಕೋಡ್ ಓಡಿತಾ? ಸ್ಟೇಟ್ ಬದಲಾಯಿತಾ? ಹೊಸ ಪುಟದ ಕೋಡ್‌ಗೆ ಬಂತಾ? ಮೊದಲು ಯಾವ ಪ್ರಿಂಟ್ ಬರಲಿಲ್ಲವೋ ತಪ್ಪು ಅದಕ್ಕೂ ಅದರ ಹಿಂದಿನ ಹೆಜ್ಜೆಗೂ ನಡುವೆ ಇದೆ. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಎಲ್ಲಿಂದಲೋ ಕೋಡ್ ನಕಲು ಮಾಡಿ ಅಂಟಿಸುತ್ತಾರೆ, ಆಮೇಲೆ ಒಂದಿದ್ದ ತಪ್ಪು ಮೂರಾಗಿರುತ್ತದೆ. ಕನ್ಸೋಲ್‌ನಲ್ಲಿ ಬರುವ ಎಚ್ಚರಿಕೆಗಳನ್ನೂ ಓದಿ. ಸ್ವಿಫ್ಟ್‌ಯುಐ ಅಂತೂ ಪರದೆಯ ಮೇಲೆ ಬಾಯಿ ಬಿಡದಿದ್ದರೂ ಕನ್ಸೋಲ್‌ನಲ್ಲಿ ಎಷ್ಟೋ ಸಲ ಕಾರಣವನ್ನೇ ಹೇಳಿರುತ್ತದೆ.

ಐಫೋನ್ ಆ್ಯಪ್ ಆದರೆ

ಮಾಮೂಲಿ ತಪ್ಪು ಇದು: ಕಾಂಟೆಕ್ಸ್ಟ್ ಮೆನುವಿನ (ಒತ್ತಿ ಹಿಡಿದಾಗ ಬರುವ ಮೆನು) ಒಳಗೆ ನ್ಯಾವಿಗೇಶನ್‌ಲಿಂಕ್, ಅಂದರೆ ಒತ್ತಿದರೆ ಪುಟ ತೆರೆಯುವ ಲಿಂಕ್, ಇಟ್ಟಿರುವುದು. ನೋಡಲು ಸರಿಯಾಗೇ ಇದೆ, ಮೆನುವಿನಲ್ಲಿ ಹೆಸರೂ ಕಾಣುತ್ತದೆ. ಆದರೆ ಆ ಮೆನುವನ್ನು ತೋರಿಸುವುದು ನಿಮ್ಮ ಪುಟ ಅಲ್ಲ, ಐಒಎಸ್ ಅದನ್ನು ಎಲ್ಲದರ ಮೇಲೆ ಬೇರೆಯಾಗಿ ತಂದು ನಿಲ್ಲಿಸುತ್ತದೆ. ಅಂದಮೇಲೆ ಒಳಗಿನ ಲಿಂಕ್‌ಗೆ ತಾನು ಯಾವ ನ್ಯಾವಿಗೇಶನ್ ಸ್ಟ್ಯಾಕ್‌ಗೆ (ಒಂದರ ಮೇಲೊಂದು ತೆರೆದ ಪುಟಗಳ ಅಟ್ಟಿ) ಸೇರಿದ್ದು ಅನ್ನುವುದೇ ಗೊತ್ತಿರುವುದಿಲ್ಲ. ಲಿಂಕ್ ತೆಗೆದು ಅಲ್ಲಿ ಮಾಮೂಲಿ ಬಟನ್ ಇಡಿ. ನ್ಯಾವಿಗೇಶನ್‌ಸ್ಟ್ಯಾಕ್‌ಗೆ ಒಂದು ಪಾತ್ (ತೆರೆಯಬೇಕಾದ ಪುಟಗಳ ಪಟ್ಟಿ) ಕೊಟ್ಟು ಅದನ್ನು ಸ್ಟೇಟ್‌ನಲ್ಲಿ ಇಟ್ಟುಕೊಳ್ಳಿ. ಬಟನ್ ಮಾಡಬೇಕಾದದ್ದು ಆ ಪಾತ್‌ನ ಕೊನೆಗೆ ಒಂದು ಮೌಲ್ಯ ಸೇರಿಸುವುದು, ಅಷ್ಟೇ. ಪಾತ್ ಬದಲಾದದ್ದನ್ನು ನೋಡಿ ಸ್ಟ್ಯಾಕ್ ತಾನೇ ಪುಟ ತೆರೆಯುತ್ತದೆ.

ಇಲ್ಲಿ ಎಡವುವ ಎರಡನೆಯ ಜಾಗ ಇದೆ. ಪಾತ್‌ಗೆ "ಸೀರೆ"ಯನ್ನೇ ಹಾಕಿದರೆ, ಸೀರೆ ಅನ್ನುವ ಟೈಪ್‌ಗೆ (ಡೇಟಾದ ಬಗೆಗೆ) ಯಾವ ಪುಟ ಅಂತ ನ್ಯಾವಿಗೇಶನ್‌ಡೆಸ್ಟಿನೇಶನ್‌ನಲ್ಲಿ ಒಂದನ್ನು ಮಾತ್ರ ಹೇಳಬಹುದು. ನಮಗೆ ಬೇಕಿರುವುದು ಎರಡು, ಬಿಲ್ ಮತ್ತು ಬೆಲೆ. ಆಗ ಕೆಲವರು ಅದೇ ಟೈಪ್‌ಗೆ ಎರಡು ಡೆಸ್ಟಿನೇಶನ್ ಬರೆಯುತ್ತಾರೆ. ಹಾಗೆ ಮಾಡಿದರೆ ಸ್ಟ್ಯಾಕ್‌ನ ಬೇರಿಗೆ (ಮೊದಲ ಪುಟಕ್ಕೆ) ಹತ್ತಿರ ಇರುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ, ಎರಡನೆಯದನ್ನು ಯಾರೂ ಕೇಳುವುದಿಲ್ಲ. ಪರಿಣಾಮ, ಏನು ಒತ್ತಿದರೂ ಬಿಲ್ ಪುಟವೇ ಬರುತ್ತದೆ. ಇದಕ್ಕೆ ಒಂದು ಈನಮ್ (ಇಷ್ಟೇ ಆಯ್ಕೆಗಳು ಎಂದು ಪಟ್ಟಿ ಮಾಡುವ ಟೈಪ್) ಮಾಡಿ, ಅದರಲ್ಲಿ "ಬಿಲ್, ಈ ಐಡಿಯ ಸೀರೆಗೆ" ಮತ್ತು "ಬೆಲೆ, ಈ ಐಡಿಯ ಸೀರೆಗೆ" ಅಂತ ಎರಡು ಕೇಸ್ ಇಡಿ, ಈನಮ್ ಹ್ಯಾಷಬಲ್, ಅಂದರೆ ಒಂದಕ್ಕೊಂದು ಹೋಲಿಸಿ ಗುರುತಿಸಬಲ್ಲದ್ದು, ಆಗಿರಲಿ. ಪಾತ್‌ಗೆ ಹೋಗುವುದು ಈ ಈನಮ್. ಡೆಸ್ಟಿನೇಶನ್ ಒಂದೇ, ಅದರೊಳಗೆ ಸ್ವಿಚ್ ಹಾಕಿ ಪುಟ ಆರಿಸಿ. ನಾಳೆ ಅಂಗಡಿಯವರು "ಫೋಟೋ ಬದಲಿಸೂದೂ ಹಾಕ್ರಿ" ಅಂದರೆ ಇನ್ನೊಂದು ಕೇಸ್ ಸೇರಿಸಿದರಾಯಿತು.

ಆ ಡೆಸ್ಟಿನೇಶನ್ ಎಲ್ಲಿ ಬರೆದಿದ್ದೀರಿ ಅನ್ನುವುದೂ ಮುಖ್ಯ. ಲಿಸ್ಟ್ ಅಥವಾ ಲೇಜಿವಿಸ್ಟ್ಯಾಕ್‌ನ ಒಳಗೆ, ಪ್ರತಿ ಸಾಲಿಗೂ ಬರೆಯಬೇಡಿ. ಲೇಜಿ ಪಟ್ಟಿ ಕಣ್ಣಿಗೆ ಬಿದ್ದ ಸಾಲುಗಳನ್ನು ಮಾತ್ರ ಕಟ್ಟುತ್ತದೆ, ಕಟ್ಟದ ಸಾಲಿನೊಳಗೆ ಡೆಸ್ಟಿನೇಶನ್ ಇದೆ ಅಂತ ಸ್ಟ್ಯಾಕ್‌ಗೆ ಹೇಗೆ ತಿಳಿಯಬೇಕು? ಲಿಸ್ಟ್‌ನ ಹೊರಗೆ, ನ್ಯಾವಿಗೇಶನ್‌ಸ್ಟ್ಯಾಕ್‌ನ ಒಳಗೆ, ಅದೇ ಅದರ ಜಾಗ. ಪುಟದ ಬದಲು ಹಳದಿ ತ್ರಿಕೋನದ ಎಚ್ಚರಿಕೆ ಚಿಹ್ನೆ ಬಂದರೆ ಪಾತ್‌ಗೆ ಹೋದ ಟೈಪ್‌ಗೆ ಡೆಸ್ಟಿನೇಶನ್ ಸಿಕ್ಕಿಲ್ಲ ಎಂದು ಅರ್ಥ. ಅದನ್ನು ಬರೆದೇ ಇರುವುದಿಲ್ಲ, ಇಲ್ಲವೇ ಪಾತ್‌ಗೆ ಐಡಿ ಮಾತ್ರ ಹಾಕಿ, ಡೆಸ್ಟಿನೇಶನ್‌ನಲ್ಲಿ ಸೀರೆ ಟೈಪ್ ಬರೆದಿರುತ್ತೀರಿ.

ನ್ಯಾವಿಗೇಶನ್‌ಸ್ಟ್ಯಾಕ್ ಬಂದದ್ದು ಐಒಎಸ್ 16ರಲ್ಲಿ, 2022ರಲ್ಲಿ. ಇನ್ನೂ ಅದಕ್ಕೆ ಮೊದಲಿದ್ದ ನ್ಯಾವಿಗೇಶನ್‌ವ್ಯೂ ಬಳಸಿದ ಹಳೇ ಪಾಠಗಳು ಬೇಕಾದಷ್ಟಿವೆ, ಅವುಗಳ ಅರ್ಧ ಮತ್ತು ಇವುಗಳ ಅರ್ಧ ಸೇರಿಸಿ ಬರೆದರೆ ಯಾವುದೂ ಸರಿ ನಡೆಯುವುದಿಲ್ಲ. ಒಂದನ್ನೇ ಹಿಡಿಯಿರಿ.

ಇನ್ನು "ಅಳಿಸಿ". ಖಚಿತ ಮಾಡಿಕೊಳ್ಳುವ ಪೆಟ್ಟಿಗೆಯನ್ನು, ಅಂದರೆ ಅಲರ್ಟ್ ಅಥವಾ ಕನ್ಫರ್ಮೇಶನ್‌ಡಯಲಾಗ್ ಅನ್ನು, ಮೆನುವಿನೊಳಗಿನ ಬಟನ್‌ಗೇ ಅಂಟಿಸಿದ್ದರೆ ಅದು ಬರುವುದಿಲ್ಲ. ಬಟನ್ ಒತ್ತಿದ ಕೂಡಲೇ ಮೆನು ಮಾಯ, ಅದರ ಜೊತೆ ಬಟನ್ ಮಾಯ, ಅದಕ್ಕೆ ಅಂಟಿದ್ದ ಪೆಟ್ಟಿಗೆಯೂ ಮಾಯ. ಪೆಟ್ಟಿಗೆ ಪಟ್ಟಿಯ ಮೇಲಿರಲಿ. "ಅಳಿಸಬೇಕಾದ ಸೀರೆ ಯಾವುದು" ಎಂಬ ಒಂದು ಸ್ಟೇಟ್ ಇಟ್ಟುಕೊಂಡು ಬಟನ್‌ನಿಂದ ಅದನ್ನು ತುಂಬಿ. ಬಟನ್‌ಗೆ ಡಿಸ್ಟ್ರಕ್ಟಿವ್ ರೋಲ್ ಕೊಟ್ಟರೆ ಕೆಂಪಗೂ ಕಾಣುತ್ತದೆ.

ಬೇರೆ ಸೀರೆಯ ಬಿಲ್ ಬಂದರೆ

ಪುಟವೇನೋ ತೆರೆಯಿತು, ಆದರೆ ಒತ್ತಿದ್ದು ಒಂದು, ಬಂದದ್ದು ಇನ್ನೊಂದು. ಅಂಗಡಿಯವರಿಗೆ ಇದು ಏನೂ ಆಗದಿರುವುದಕ್ಕಿಂತ ಕೆಟ್ಟದ್ದು, ದುಡ್ಡಿನ ವಿಷಯ ಅಲ್ವಾ.

ಸಾಲುಗಳ ಗುರುತು ನೋಡಿ. ಇಳಕಲ್ ಸೀರೆ ಅಂಗಡಿಯಲ್ಲಿ "ಕೆಂಪು, ಗೋಮಿ ದಡಿ" ಎಂಬ ಹೆಸರಿನ ಸೀರೆ ಒಂದೇ ಇರುವುದಿಲ್ಲ. ಒಂದು ರೇಷ್ಮೆ ಸೆರಗಿನದು, ಒಂದು ಅಗ್ಗದ್ದು, ಎರಡಕ್ಕೂ ಅಂಗಡಿಯವರು ಅದೇ ಹೆಸರು ಬರೆದಿರುತ್ತಾರೆ. ನೀವು ಹೆಸರನ್ನೇ ಐಡಿ ಮಾಡಿದ್ದರೆ ಸ್ವಿಫ್ಟ್‌ಯುಐಗೆ ಎರಡೂ ಒಂದೇ. ಸಾಲಿನ ಸಂಖ್ಯೆಯನ್ನು ಐಡಿ ಮಾಡಿದ್ದರೂ ಕಷ್ಟ, ಮೇಲಿನದೊಂದು ಅಳಿಸಿದ ಕೂಡಲೇ ಕೆಳಗಿನ ಎಲ್ಲದರ ಸಂಖ್ಯೆ ಬದಲಾಗುತ್ತದೆ. ಮೂರನೆಯ ತಪ್ಪು ಇನ್ನೂ ಗುಪ್ತವಾದದ್ದು: ಐಡಿ ಕೇಳಿದಾಗಲೆಲ್ಲ ಹೊಸ ಯುಯುಐಡಿ (ಯಾದೃಚ್ಛಿಕ ಗುರುತು ಸಂಖ್ಯೆ) ಹುಟ್ಟುವಂತೆ ಬರೆದಿರುವುದು. ಪ್ರತಿ ಸಲ ಪರದೆ ಬದಲಾದಾಗ ಎಲ್ಲ ಸಾಲುಗಳೂ ಹೊಸವು ಅನಿಸಿಬಿಡುತ್ತವೆ, ಸಾಲಿನೊಳಗೆ ಇಟ್ಟಿದ್ದ ಸ್ಟೇಟ್ ಅಳಿದುಹೋಗುತ್ತದೆ. ಸೀರೆ ದಾಖಲಾದಾಗ ಒಮ್ಮೆ ಐಡಿ ಕೊಟ್ಟು ಅದನ್ನೇ ಡೇಟಾಬೇಸ್‌ನಲ್ಲಿ ಉಳಿಸಿ, ಆಮೇಲೆ ಮುಟ್ಟಬೇಡಿ.

ಕಂಪೋಸ್‌ನಲ್ಲೂ ಇದೇ ಮಾತು. ಲೇಜಿಕಾಲಮ್‌ಗೆ (ಅಲ್ಲಿನ ಪಟ್ಟಿ) ಕೀ, ಅಂದರೆ ಸಾಲಿನ ಗುರುತು, ಕೊಡದಿದ್ದರೆ ಅದು ಸಾಲಿನ ಜಾಗವನ್ನೇ ಗುರುತು ಮಾಡಿಕೊಳ್ಳುತ್ತದೆ. ಎರಡು ಸಾಲಿಗೆ ಒಂದೇ ಕೀ ಕೊಟ್ಟರೆ ನೇರ ಕ್ರ್ಯಾಶ್. ನನಗಂತೂ ಅದೇ ವಾಸಿ ಅನಿಸುತ್ತದೆ, ತಪ್ಪು ಅಲ್ಲೇ ಕೈಗೆ ಸಿಗುತ್ತದೆ.

ಆಂಡ್ರಾಯ್ಡ್ ಆದರೆ

ನಮ್ಮ ಕಡೆ ಹೆಚ್ಚಿನ ಹುಡುಗರ ಹತ್ತಿರ ಮ್ಯಾಕ್ ಇರುವುದಿಲ್ಲ, ಎಕ್ಸ್‌ಕೋಡ್ ಬೇರೆ ಕಂಪ್ಯೂಟರ್‌ನಲ್ಲಿ ನಡೆಯುವುದಿಲ್ಲ. ಹಾಗಾಗಿ ಕಂಪೋಸ್ ಅಥವಾ ಫ್ಲಟರ್‌ನಲ್ಲೇ ಕೆಲಸ ಜಾಸ್ತಿ.

ಕಂಪೋಸ್‌ನಲ್ಲಿ ಒತ್ತಿ ಹಿಡಿಯುವುದಕ್ಕೆ ಕಂಬೈನ್ಡ್‌ಕ್ಲಿಕಬಲ್ ಬಳಸಿ. ಅದರ ಜೊತೆ ಕಾರ್ಡ್‌ಗೆ ಬೇರೆ ಆನ್‌ಕ್ಲಿಕ್ ಕೊಟ್ಟಿದ್ದರೆ ಒತ್ತಿದ್ದನ್ನು ಅದು ನುಂಗಿಬಿಡುತ್ತದೆ, ಮೆನು ಬರುವುದೇ ಇಲ್ಲ. ಒತ್ತಿದರೆ ಎಲ್ಲ ಸಾಲುಗಳ ಮೆನುವೂ ಒಟ್ಟಿಗೆ ತೆರೆದರೆ ಇಡೀ ಪಟ್ಟಿಗೆ ಒಂದೇ "ಎಕ್ಸ್‌ಪಾಂಡೆಡ್" (ಮೆನು ತೆರೆದಿದೆಯೇ ಅನ್ನುವ ಸ್ಟೇಟ್) ಇಟ್ಟಿದ್ದೀರಿ. ಹೌದು-ಇಲ್ಲ ಬದಲು "ತೆರೆದಿರುವ ಸೀರೆಯ ಐಡಿ" ಇಡಿ. ಮೆನು ಎಲ್ಲೋ ಮೂಲೆಯಲ್ಲಿ ಬಂದರೆ ಸಾಲು ಮತ್ತು ಡ್ರಾಪ್‌ಡೌನ್‌ಮೆನು ಎರಡನ್ನೂ ಒಂದೇ ಬಾಕ್ಸ್‌ನಲ್ಲಿ ಹಾಕಿ.

ಆಯ್ಕೆ ಒತ್ತಿದಾಗ ಮೊದಲು ಮೆನು ಮುಚ್ಚಿ, ಆಮೇಲೆ ಪುಟ ತೆರೆಯುವ ನ್ಯಾವಿಗೇಟ್ ಕರೆಯಿರಿ. ಮೆನುವಿನ ಸ್ಟೇಟನ್ನು ರಿಮೆಂಬರ್‌ಸೇವಬಲ್‌ನಲ್ಲಿ (ಬೇರೆ ಪುಟಕ್ಕೆ ಹೋದರೂ ಉಳಿಯುವ ಜಾಗ) ಇಟ್ಟು ಮುಚ್ಚುವುದು ಮರೆತರೆ, ಬಿಲ್ ಪುಟದಿಂದ ಹಿಂದೆ ಬಂದಾಗ ಅದು ತೆರೆದೇ ಕೂತಿರುತ್ತದೆ. ನ್ಯಾವಿಗೇಟ್ ಅನ್ನು ಕಂಪೋಸಬಲ್‌ನ (ಪರದೆ ಬರೆಯುವ ಫಂಕ್ಷನ್) ಮೈಯಲ್ಲಿ ನೇರವಾಗಿ ಬರೆಯಲೇಬೇಡಿ. ಪರದೆ ಮತ್ತೆ ಕಂಪೋಸ್ ಆದಾಗಲೆಲ್ಲ ಅದು ಓಡುತ್ತದೆ. ಆನ್‌ಕ್ಲಿಕ್‌ನಲ್ಲಿ ಇರಲಿ, ಇಲ್ಲವೇ ಲಾಂಚ್ಡ್‌ಎಫೆಕ್ಟ್‌ನಲ್ಲಿ. ಅವಸರದಲ್ಲಿ ಎರಡು ಸಲ ಒತ್ತುವವರಿಗೆ ಲಾಂಚ್‌ಸಿಂಗಲ್‌ಟಾಪ್ ಇದೆ, ಅದೇ ಪುಟ ಎರಡು ಸಲ ತೆರೆಯುವುದಿಲ್ಲ. ಹಿಂದೆ ಹೋಗುವ ಬಟನ್ ಎರಡು ಸಲ ಒತ್ತಿ ಪರದೆ ಖಾಲಿ ಆದರೆ, ಮೊದಲ ಪುಟವನ್ನೂ ಪಾಪ್ ಮಾಡಿಬಿಟ್ಟಿದ್ದೀರಿ, ಅಂದರೆ ಸ್ಟ್ಯಾಕ್‌ನಿಂದ ತೆಗೆದುಬಿಟ್ಟಿದ್ದೀರಿ.

ಒಂದು ತಪ್ಪು ಮಾತ್ರ ಪರೀಕ್ಷೆಯಲ್ಲಿ ಸಿಗದೆ ಅಂಗಡಿಯಲ್ಲೇ ಸಿಗುತ್ತದೆ. ರೂಟ್ ಅನ್ನು (ಪುಟದ ವಿಳಾಸ) ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ, ಬರೆದು, ಅದರೊಳಗೆ ಸೀರೆಯ ಹೆಸರನ್ನು ಸೇರಿಸಿರುತ್ತೀರಿ. ನೀವು "ಸೀರೆ1", "ಸೀರೆ2" ಅಂತ ಹಾಕಿ ನೋಡಿದ್ದೀರಿ, ಎಲ್ಲ ಸರಿ ಇತ್ತು. ಅಂಗಡಿಯವರು "ಚಿಕ್ಕಿ/ಪರಾಸ್" ಅಂತ ಬರೆದರು. ಆ ಓರೆ ಗೆರೆಯನ್ನು ನ್ಯಾವಿಗೇಶನ್ ದಾರಿಯ ಭಾಗ ಅಂತ ಓದುತ್ತದೆ, ಅಂಥ ರೂಟ್ ಸಿಗುವುದಿಲ್ಲ, ಆ್ಯಪ್ ಬೀಳುತ್ತದೆ. ರೂಟ್‌ನಲ್ಲಿ ಐಡಿ ಮಾತ್ರ ಕಳಿಸಿ, ಹೆಸರು ಬೆಲೆ ಎಲ್ಲ ಆ ಪುಟವೇ ತೆಗೆದುಕೊಳ್ಳಲಿ. 2024ರಲ್ಲಿ ಬಂದ ನ್ಯಾವಿಗೇಶನ್ 2.8ರಿಂದ ಸ್ಟ್ರಿಂಗ್ ಬದಲು ಟೈಪ್‌ಗಳನ್ನೇ ರೂಟ್ ಮಾಡಬಹುದು, ಹೊಸದಾಗಿ ಶುರು ಮಾಡುವವರು ಅದನ್ನೇ ಹಿಡಿಯಿರಿ.

ಫ್ಲಟರ್‌ನವರಿಗೆ ಒಂದೇ ಮಾತು. ಪಾಪ್‌ಅಪ್‌ಮೆನುಐಟಂನ ಆನ್‌ಟ್ಯಾಪ್‌ನಲ್ಲಿ ನ್ಯಾವಿಗೇಟರ್ ಪುಶ್ (ಹೊಸ ಪುಟ ತೆರೆಯುವ ಆದೇಶ) ಬರೆದಿದ್ದರೆ, ಹಳೇ ಆವೃತ್ತಿಗಳಲ್ಲಿ ಆ ಕೋಡ್ ಮೊದಲು ಓಡಿ ಆಮೇಲೆ ಮೆನು ತನ್ನನ್ನು ಪಾಪ್ ಮಾಡಿಕೊಳ್ಳುತ್ತಿತ್ತು. ಆಗ ಮುಚ್ಚುತ್ತಿದ್ದದ್ದು ನಿಮ್ಮ ಹೊಸ ಪುಟ. ಆನ್‌ಸೆಲೆಕ್ಟೆಡ್‌ನಲ್ಲಿ ಬರೆದರೆ ಯಾವ ಆವೃತ್ತಿಯಲ್ಲೂ ತೊಂದರೆ ಇಲ್ಲ.

ಅಂಗಡಿಗೆ ಕೊಡುವ ಮೊದಲು

ಬಿಲ್ ಪುಟ ತೆರೆದು, ಅಲ್ಲಿಂದಲೇ ಆ ಸೀರೆ ಅಳಿಸಿ ನೋಡಿ. ಪಾತ್‌ನಲ್ಲಿ ಅಳಿದ ಸೀರೆಯ ಐಡಿ ಇನ್ನೂ ಉಳಿದಿರುತ್ತದೆ, ಪುಟ ಖಾಲಿ ನಿಲ್ಲುತ್ತದೆ. ಅಳಿಸುವ ಕೋಡ್‌ನಲ್ಲೇ ಪಾತ್‌ನಿಂದಲೂ ತೆಗೆಯಿರಿ. ಒತ್ತಿ ಹಿಡಿದರೆ ಮೆನು ಬರುತ್ತದೆ ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ, ಆದ್ದರಿಂದ ಸಾಲಿನ ಕೊನೆಗೆ ಮೂರು ಚುಕ್ಕಿಯ ಬಟನ್ ಇಟ್ಟು ಅದೇ ಆಯ್ಕೆಗಳನ್ನು ಅಲ್ಲೂ ಕೊಡಿ. ಮೆನು ಸ್ಟೇಟ್ ಮಾತ್ರ ಬದಲಿಸುತ್ತಿದ್ದರೆ ಇದಕ್ಕೆ ಹೊಸ ಕೋಡ್ ಏನೂ ಬೇಕಿಲ್ಲ, ಅದೇ ಫಂಕ್ಷನ್ ಕರೆದರೆ ಮುಗಿಯಿತು.

ಇಷ್ಟಾದರೂ ತಪ್ಪು ಸಿಗದಿದ್ದರೆ ಹೊಸ ಖಾಲಿ ಪ್ರಾಜೆಕ್ಟ್ ತೆರೆದು, ಮೂರು ಸಾಲಿನ ಪಟ್ಟಿ, ಒಂದು ಮೆನು, ಒಂದು ಪುಟ ಇಷ್ಟನ್ನೇ ಬರೆಯಿರಿ. ಅಲ್ಲಿ ನಡೆದರೆ ನಿಮ್ಮ ಆ್ಯಪ್‌ನಿಂದ ಒಂದೊಂದೇ ತುಂಡು ತಂದು ಸೇರಿಸುತ್ತಾ ಹೋಗಿ. ಯಾವ ತುಂಡು ಬಂದ ಮೇಲೆ ನಿಂತುಹೋಯಿತೋ ಅದನ್ನೇ ಬಿಚ್ಚಿ ನೋಡಿ.